ಎಲ್ಲಿಗೂ ಹೋಗದ ಸೈಕಲ್ಲು

ಅಂಥ ಸೈಕಲ್ಲಿಗೆ ಹಿಂದಿನ ಚಕ್ರವೇ ಇರುವುದಿಲ್ಲ. ಮುಂದೆ ಒಂದು ಭಾರದ ಗಾಲಿ, ಅದೂ ನೆಲ ಮುಟ್ಟುವುದಿಲ್ಲ. ಗಾಲಿಯ ಸುತ್ತ ಒಂದು ಪಟ್ಟಿ; ಪಟ್ಟಿ ಬಿಗಿದಷ್ಟೂ ಪೆಡಲು ಭಾರವಾಗುತ್ತದೆ. ತುಳಿಯುವವರು ಬೆವೆತು ಇಳಿದಾಗಲೂ ಹತ್ತಿದ ಜಾಗದಲ್ಲೇ ಇರುತ್ತಾರೆ. 1980ರ ದಶಕದ ಮೊದಲ ವರ್ಷಗಳಲ್ಲಿ, ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿ ಈ ಸೈಕಲ್ಲನ್ನು ಹತ್ತಲು ಕೆಲವು ಹೆಂಗಸರು ಬರತೊಡಗಿದರು. ಅವರು ಓಟಗಾರ್ತಿಯರಲ್ಲ, ತೂಕ ಇಳಿಸಲು ಬಂದವರೂ ಅಲ್ಲ. ಸ್ತನ ಕ್ಯಾನ್ಸರಿಗೆ ಆಪರೇಷನ್ ಮುಗಿಸಿಕೊಂಡು, ತಿಂಗಳುಗಟ್ಟಲೆ ಕೀಮೋಥೆರಪಿಯ ನಡುವೆ ಇದ್ದವರು. ವಾರಕ್ಕೆ ಮೂರು ಸಲ ಬಂದು, ಹತ್ತಿ ಕೂತು, ತುಳಿದು, ಬೆವರು ಒರೆಸಿಕೊಂಡು ಮನೆಗೆ ಹೋಗುತ್ತಿದ್ದರು.

ಆ ಕಾಲದ ಕಣ್ಣಿಗೆ ಇದು ಜ್ವರ ಬಂದವಳನ್ನು ನಾಟಿಗೆ ಇಳಿಸಿದ ಹಾಗಿತ್ತು. ಕ್ಯಾನ್ಸರ್ ರೋಗಿಗೆ ಎಲ್ಲರೂ ಹೇಳುತ್ತಿದ್ದ ಮಾತು ಒಂದೇ: ಮಲಗಿ, ಸುಧಾರಿಸಿಕೊಳ್ಳಿ. ಡಾಕ್ಟರು ಅದನ್ನೇ ಹೇಳುತ್ತಿದ್ದರು, ಅತ್ತೆಯೂ ಅದನ್ನೇ ಹೇಳುತ್ತಿದ್ದಳು, ಪಕ್ಕದ ಮನೆಯವರೂ ಅದನ್ನೇ. ಮೂವರೂ ಒಂದೇ ಮಾತು ಹೇಳುವ ಸಂದರ್ಭ ಲೋಕದಲ್ಲಿ ಅಪರೂಪ. ಹಾಗಾಗಿ ಆ ಮಾತನ್ನು ಪರೀಕ್ಷೆಗೆ ಹಚ್ಚಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

ಕತೆಯ ಬೇರು ಸ್ವಲ್ಪ ಹಿಂದಕ್ಕಿದೆ. 1976ರಲ್ಲಿ ಇಟಲಿಯ ಮಿಲಾನ್‌ನಿಂದ ಒಂದು ದೊಡ್ಡ ಸುದ್ದಿ ಬಂತು. ಜಿಯಾನಿ ಬೊನಡೊನ್ನ ಎಂಬ ವೈದ್ಯ ಮತ್ತು ಸಂಗಡಿಗರು ಆಪರೇಷನ್ ಆದ ಸ್ತನ ಕ್ಯಾನ್ಸರ್ ರೋಗಿಗಳಿಗೆ ಮೂರು ಔಷಧಿಗಳನ್ನು ಜೊತೆಯಾಗಿ ಕೊಟ್ಟು ನೋಡಿದ್ದರು. ಸೈಕ್ಲೊಫಾಸ್ಫಮೈಡ್, ಮೆಥೊಟ್ರೆಕ್ಸೇಟ್, ಫ್ಲೂರೊಯುರಾಸಿಲ್. ಇಂಗ್ಲಿಷಿನ ಮೊದಲ ಅಕ್ಷರಗಳನ್ನು ಕೂಡಿಸಿ ಅದು ‘ಸಿಎಂಎಫ್’ ಎಂದೇ ಹೆಸರಾಯಿತು. ಇಪ್ಪತ್ತೆಂಟು ದಿನಕ್ಕೆ ಒಂದು ಸುತ್ತು, ಅಂಥ ಹನ್ನೆರಡು ಸುತ್ತು. ಗಡ್ಡೆ ಮರಳುವುದು ಗಣನೀಯವಾಗಿ ಕಡಿಮೆಯಾಗಿತ್ತು. ಕೆಲವೇ ವರ್ಷಗಳಲ್ಲಿ ಈ ಚಿಕಿತ್ಸೆ ಅಟ್ಲಾಂಟಿಕ್ ಸಾಗರದ ಎರಡೂ ದಡಗಳಲ್ಲಿ ರೂಢಿಯಾಯಿತು.

ರೂಢಿಯಾದದ್ದು ಔಷಧಿಯೊಂದೇ ಅಲ್ಲ, ಅದರ ಜೊತೆಗಿನ ಸಂಕಟವೂ. ಈಗ ಸಲೀಸಾಗಿ ಸಿಗುವ ಒಂಡನ್ಸೆಟ್ರಾನ್ ಎಂಬ ವಾಂತಿ ತಡೆಯುವ ಔಷಧಿ ಅಮೆರಿಕದಲ್ಲಿ ಮಂಜೂರಾದದ್ದು 1991ರಲ್ಲಿ. ಅದಕ್ಕೆ ಮುಂಚಿನ ಹೆಂಗಸರ ಪಾಲಿಗೆ ಇದ್ದವು ಅರೆಬರೆ ಕೆಲಸ ಮಾಡುವ ಹಳೆಯ ಔಷಧಿಗಳು ಮತ್ತು ಹಾಸಿಗೆಯ ಪಕ್ಕದ ಬಟ್ಟಲು. ಆಸ್ಪತ್ರೆಯ ಬಾಗಿಲು ಕಂಡರೇ ಹೊಟ್ಟೆ ತೊಳಸುವಷ್ಟು ಹಂತಕ್ಕೆ ಕೆಲವರು ಹೋಗುತ್ತಿದ್ದರು. ಸೂಜಿ ಚುಚ್ಚುವ ಮೊದಲೇ ವಾಂತಿ. ಕೂದಲು ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಇವೆಲ್ಲ ಕಣ್ಣಿಗೆ ಕಾಣುವಂಥವು. ಕಣ್ಣಿಗೆ ಕಾಣದ ಇನ್ನೊಂದಿತ್ತು: ದಣಿವು. ದಿನವಿಡೀ ದುಡಿದು ಬಂದು, ಉಂಡು ಮಲಗಿದರೆ ಬೆಳಿಗ್ಗೆ ಹೋಗುವ ದಣಿವಲ್ಲ ಅದು. ಏನೂ ಮಾಡದೆಯೇ ಬರುವುದು, ಮಲಗಿದರೂ ಹೋಗದಿರುವುದು. ಒಗೆದ ಬಟ್ಟೆಯ ಬುಟ್ಟಿ ಎತ್ತಿಕೊಂಡು ಮೆಟ್ಟಿಲು ಹತ್ತುವಾಗ ಅರ್ಧದಲ್ಲಿ ಬುಟ್ಟಿ ಇಳಿಸಿ ಅಲ್ಲೇ ಕೂತುಬಿಡುವಂಥದು. ಕನ್ನಡದಲ್ಲಿ ಇದಕ್ಕೆ ಸುಸ್ತು ಎನ್ನುವುದಕ್ಕಿಂತ ನಿತ್ರಾಣ ಎನ್ನುವ ಮಾತೇ ಹೆಚ್ಚು ಹೊಂದೀತು.

ರಕ್ತ ಪರೀಕ್ಷೆಯ ಕಾಗದದಲ್ಲಿ ನಿತ್ರಾಣಕ್ಕೆ ಸಾಲಿರಲಿಲ್ಲ. ಬಿಳಿ ರಕ್ತಕಣ ಎಷ್ಟು, ಹಿಮೋಗ್ಲೋಬಿನ್ ಎಷ್ಟು, ಎಲ್ಲಕ್ಕೂ ಸಾಲಿತ್ತು. ಅವು ಸರಿಯಿದ್ದರೆ ರೋಗಿ ಚಿಕಿತ್ಸೆಯನ್ನು ಚೆನ್ನಾಗಿ ತಡೆದುಕೊಂಡಿದ್ದಾಳೆ ಎಂದು ಬರೆಯುವುದು ವಾಡಿಕೆ. ತಡೆದುಕೊಂಡವಳನ್ನು ಕೇಳಿ ಬರೆದ ವಾಕ್ಯ ಅದಾಗಿರುತ್ತಿರಲಿಲ್ಲ.

ಕೇಳಬೇಕು ಎಂದು ಹಟ ಹಿಡಿದವಳು ಒಬ್ಬ ನರ್ಸು. ರೂತ್ ಮೆಕ್‌ಕಾರ್ಕಲ್ ಅಮೆರಿಕದ ವಾಯುಪಡೆಯ ನರ್ಸಾಗಿ ವಿಯೆಟ್ನಾಂ ಯುದ್ಧದಲ್ಲಿ ಕೆಲಸ ಮಾಡಿ ಬಂದಿದ್ದವಳು. ಗಾಯಾಳುಗಳ ನಡುವೆ ಇದ್ದು ಬಂದವರಿಗೆ ಒಂದು ವಿಷಯ ಮನದಟ್ಟಾಗಿರುತ್ತದೆ: ಒಂದೇ ಅಳತೆಯ ಗಾಯ ಇಬ್ಬರಿಗೆ ಒಂದೇ ಅಳತೆಯ ನೋವು ಕೊಡುವುದಿಲ್ಲ. 1978ರಲ್ಲಿ, ಕ್ಯಾನ್ಸರ್ ನರ್ಸಿಂಗಿಗೆಂದೇ ಹೊಸದಾಗಿ ಶುರುವಾದ ಪತ್ರಿಕೆಯ ಮೊದಲ ಸಂಪುಟದಲ್ಲಿ, ಆಕೆ ಮತ್ತು ಕ್ಯಾಥರೀನ್ ಯಂಗ್ ಒಂದು ಪ್ರಶ್ನಾವಳಿಯನ್ನು ಪ್ರಕಟಿಸಿದರು. ವಾಕರಿಕೆ, ಮನಸ್ಸಿನ ಸ್ಥಿತಿ, ಹಸಿವು, ನಿದ್ದೆ, ನೋವು, ಓಡಾಟ, ದಣಿವು, ಮಲವಿಸರ್ಜನೆ, ಏಕಾಗ್ರತೆ, ರೂಪ. ಒಟ್ಟು ಹತ್ತು. ಪ್ರತಿಯೊಂದಕ್ಕೂ ಒಂದರಿಂದ ಐದರ ತನಕ ಅಂಕ. ಅಂಕ ಹಾಕುವವರು ಡಾಕ್ಟರಲ್ಲ, ನರ್ಸೂ ಅಲ್ಲ, ರೋಗಿಯೇ. ಲಕ್ಷಣ ಇದೆಯೇ ಎಂಬುದಕ್ಕಿಂತ, ಅದು ಎಷ್ಟು ಕಾಡುತ್ತಿದೆ ಎಂಬುದು ಅಲ್ಲಿನ ಪ್ರಶ್ನೆ.

ಇಂದು ಇದು ಎಷ್ಟು ಸಾಧಾರಣವಾಗಿ ಕಾಣುತ್ತದೆಂದರೆ, ಇದಕ್ಕೊಂದು ಸಂಶೋಧನೆ ಬೇಕಿತ್ತೇ ಎನ್ನಿಸಬಹುದು. ಬೇಕಿತ್ತು. ಅಳೆಯಲು ಬಾರದ್ದನ್ನು ಕಡಿಮೆ ಮಾಡಿದ್ದೇವೆ ಎಂದು ಯಾರೂ ಸಾಧಿಸಿ ತೋರಿಸಲಾರರು. ರೋಗಿಯ ಬಾಯಿಮಾತಿಗೆ ಅಂಕೆಯ ಅಂಗಿ ತೊಡಿಸಿದ ಮೇಲೆ ಅದಕ್ಕೆ ಪ್ರಯೋಗದ ಮನೆಯೊಳಗೆ ಪ್ರವೇಶ ಸಿಕ್ಕಿತು. ಮುಂದೆ ಬೇರೆ ಬೇರೆ ನರ್ಸುಗಳು ಇಂಥವೇ ಅಳತೆಗೋಲುಗಳನ್ನು ಮಾಡಿದರು. ಬಾರ್ಬರಾ ಪೈಪರ್ ಎಂಬಾಕೆ ದಣಿವೊಂದಕ್ಕೇ ಮೀಸಲಾದ ಪ್ರಶ್ನಾವಳಿಯನ್ನು ರಚಿಸಿದಳು. ಪ್ರಶ್ನಾವಳಿಗಳನ್ನು ತುಂಬಿಸುತ್ತ ಹೋದಂತೆ ಒಂದು ಸಂಗತಿ ಮೇಲಕ್ಕೆ ಬಂತು. ಹೊರಗಿನವರಿಗೆ ಹೆದರಿಕೆ ಹುಟ್ಟಿಸುತ್ತಿದ್ದುದು ನೋವು ಮತ್ತು ವಾಂತಿ. ಆದರೆ ಚಿಕಿತ್ಸೆಯಲ್ಲಿದ್ದ ಹೆಂಗಸರು ಮತ್ತೆ ಮತ್ತೆ ಗುರುತು ಹಾಕುತ್ತಿದ್ದ ಸಾಲು ದಣಿವಿನದು.

ಗುರುತು ಹಾಕಿದ ಮೇಲೇನು? ಉತ್ತರ ಸಿದ್ಧವಾಗಿತ್ತು: ಇನ್ನಷ್ಟು ಮಲಗಿ.

ಹಾಸಿಗೆಯ ಮೇಲಿನ ಈ ಭಕ್ತಿ ಕ್ಯಾನ್ಸರ್ ವಾರ್ಡಿನದಷ್ಟೇ ಅಲ್ಲ. ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಹೃದಯಾಘಾತ ಆದವರನ್ನು ವಾರಗಟ್ಟಲೆ ಹಾಸಿಗೆಯಿಂದ ಏಳಗೊಡುತ್ತಿರಲಿಲ್ಲ. 1950ರ ದಶಕದ ಮೊದಲ ವರ್ಷಗಳಲ್ಲಿ ಬಾಸ್ಟನ್ನಿನ ಸ್ಯಾಮುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ ಅಂಥ ರೋಗಿಗಳನ್ನು ಎಬ್ಬಿಸಿ ಆರಾಮ ಕುರ್ಚಿಯಲ್ಲಿ ಕೂರಿಸಿದಾಗ ಆಸ್ಪತ್ರೆಯೊಳಗೇ ದೊಡ್ಡ ಗಲಾಟೆಯಾಯಿತು. ಬರೀ ಕುರ್ಚಿಯಲ್ಲಿ ಕೂರಿಸಿದ್ದಕ್ಕೆ! ರೋಗಿಗಳು ಸಾಯಲಿಲ್ಲ, ಬೇಗ ಚೇತರಿಸಿಕೊಂಡರು.

ಮುಂದಿನ ಸುಳಿವು 1966ರಲ್ಲಿ ಟೆಕ್ಸಾಸ್‌ನ ಡಲಾಸ್‌ನಲ್ಲಿ ಸಿಕ್ಕಿತು. ಇಪ್ಪತ್ತರ ಹರೆಯದ ಐವರು ಆರೋಗ್ಯವಂತ ಹುಡುಗರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿದರು. ಕಾಯಿಲೆ ಇಲ್ಲ, ಔಷಧಿ ಇಲ್ಲ, ಬರೀ ಮಲಗುವ ಕೆಲಸ. ಮೂರು ವಾರದ ನಂತರ ಎಬ್ಬಿಸಿ ಅಳೆದರೆ, ದೇಹ ಗರಿಷ್ಠ ಶ್ರಮದಲ್ಲಿ ಆಮ್ಲಜನಕ ಬಳಸಿಕೊಳ್ಳುವ ಶಕ್ತಿ ಕಾಲು ಭಾಗಕ್ಕೂ ಹೆಚ್ಚು ಕುಸಿದಿತ್ತು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆ ಹುಟ್ಟಿದ್ದು ಹಣದ ಲೆಕ್ಕದಲ್ಲಿ. ಮಾಂಸಖಂಡದ ಲೆಕ್ಕದಲ್ಲೂ ಅದು ಅಷ್ಟೇ ನಿಜವೆಂದು ಆ ಐವರು ಹುಡುಗರು ತೋರಿಸಿಕೊಟ್ಟರು. ಹೃದಯ ತಜ್ಞರು ಇದನ್ನು ಓದಿದರು, ಬಾಹ್ಯಾಕಾಶ ಯಾನದ ತಜ್ಞರು ಓದಿದರು. ಕ್ಯಾನ್ಸರ್ ವಾರ್ಡಿನ ಬಾಗಿಲಿನ ತನಕ ಆ ಸುದ್ದಿ ಬರಲು ಇನ್ನೂ ಹದಿನೈದು ವರ್ಷ ಹಿಡಿಯಿತು.

ತಂದವಳು ಮೇರಿಲ್ ವಿನಿಂಗ್‌ಹ್ಯಾಮ್. ಆಕೆಯ ಬಳಿ ಎರಡು ವಿದ್ಯೆಗಳಿದ್ದವು, ಮತ್ತು ಅವೆರಡೂ ಸಾಮಾನ್ಯವಾಗಿ ಒಂದೇ ಮನೆಯಲ್ಲಿ ವಾಸಿಸುವಂಥವಲ್ಲ. ಆಕೆ ನರ್ಸು, ಜೊತೆಗೆ ವ್ಯಾಯಾಮದ ವೇಳೆ ದೇಹದೊಳಗೆ ಏನೇನು ನಡೆಯುತ್ತದೆ ಎಂಬ ಶಾಸ್ತ್ರವನ್ನು ಓದಿಕೊಂಡವಳು. ನರ್ಸಿನ ಕಣ್ಣು ಹಾಸಿಗೆ ಹಿಡಿದ ರೋಗಿಯನ್ನು ನೋಡಿತು. ವ್ಯಾಯಾಮ ಶಾಸ್ತ್ರಜ್ಞೆಯ ಕಣ್ಣು ಅದೇ ಹಾಸಿಗೆಯಲ್ಲಿ ಡಲಾಸ್‌ನ ಹುಡುಗರಂಥದೇ ಒಂದು ದೇಹವನ್ನು ಕಂಡಿತು. ನಿತ್ರಾಣದಲ್ಲಿ ಕ್ಯಾನ್ಸರಿನ ಪಾಲೆಷ್ಟು, ಔಷಧಿಯ ಪಾಲೆಷ್ಟು, ಬರೀ ಮಲಗಿದ್ದರ ಪಾಲೆಷ್ಟು? ಮೊದಲೆರಡನ್ನು ನರ್ಸು ಬದಲಾಯಿಸಲಾರಳು. ಮೂರನೆಯದನ್ನು ಬದಲಾಯಿಸಬಹುದಲ್ಲ?

1983ರಲ್ಲಿ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಆಕೆ ಒಪ್ಪಿಸಿದ ಪಿಎಚ್.ಡಿ. ಪ್ರಬಂಧದ ವಿಷಯ: ಸ್ತನ ಕ್ಯಾನ್ಸರ್ ಇರುವ ಹೆಂಗಸರು ಸೈಕಲ್ ತುಳಿದರೆ ಅವರ ದೇಹದ ಸಾಮರ್ಥ್ಯಕ್ಕೆ ಏನಾಗುತ್ತದೆ, ಮತ್ತು ತಮ್ಮ ಬದುಕು ತಮ್ಮ ಹಿಡಿತದಲ್ಲಿದೆ ಎಂಬ ಭಾವನೆಗೆ ಏನಾಗುತ್ತದೆ. ಈ ಎರಡನೆಯ ಭಾಗವನ್ನು ಸೇರಿಸಿದ್ದು ನರ್ಸಿನ ಬುದ್ಧಿಯೇ ಇರಬೇಕು. ಕೀಮೋದಲ್ಲಿರುವವಳ ದಿನಚರಿಯಲ್ಲಿ ಎಲ್ಲವೂ ಬೇರೆಯವರು ಮಾಡುವಂಥವು. ಸೂಜಿ ಚುಚ್ಚುವವರು ಬೇರೆ, ತಾರೀಖು ಹೇಳುವವರು ಬೇರೆ, ಅಡುಗೆಯನ್ನು ಸಹ ಬೇರೆ ಯಾರೋ ಮಾಡಿ ತಂದಿರುತ್ತಾರೆ. ಪೆಡಲು ತುಳಿಯುವುದೊಂದು ಮಾತ್ರ ಅವಳೇ ಮಾಡಬೇಕಾದ ಕೆಲಸ.

ಹೆದರಿಕೆಗಳಿಗೆ ಕೊರತೆ ಇರಲಿಲ್ಲ, ಮತ್ತು ಅವೆಲ್ಲ ಸುಮ್ಮಸುಮ್ಮನೆ ಹುಟ್ಟಿದ ಹೆದರಿಕೆಗಳೂ ಅಲ್ಲ. ಕೀಮೋ ಔಷಧಿ ರಕ್ತಕಣಗಳನ್ನು ಇಳಿಸುತ್ತದೆ. ಪ್ಲೇಟ್‌ಲೆಟ್ ಕಡಿಮೆಯಿದ್ದಾಗ ಜಾರಿ ಬಿದ್ದರೆ ಒಳಗೇ ರಕ್ತ ಸೋರಬಹುದು. ಬಿಳಿ ಕಣ ಇಳಿದಾಗ ಸಣ್ಣ ಸೋಂಕೂ ದೊಡ್ಡದಾಗಬಹುದು. ತಲೆ ಸುತ್ತಬಹುದು. ಸೈಕಲ್ ಒಳ್ಳೆಯ ಆಯ್ಕೆ ಎನ್ನಿಸುವುದು ಇಲ್ಲಿಯೇ: ಕೂತೇ ತುಳಿಯಬಹುದು, ದೇಹದ ಭಾರ ಸೀಟು ಹೊತ್ತಿರುತ್ತದೆ, ಬೀಳುವ ಭಯ ಕಡಿಮೆ, ಎಷ್ಟು ಶ್ರಮ ಎಂಬುದನ್ನು ಪಟ್ಟಿ ಬಿಗಿದು ಸಡಿಲಿಸಿ ನಿಖರವಾಗಿ ನಿಗದಿ ಮಾಡಬಹುದು. 1986ರಲ್ಲಿ ವಿನಿಂಗ್‌ಹ್ಯಾಮ್ ಮತ್ತು ಸಹೋದ್ಯೋಗಿಗಳು ಯಾರು ತುಳಿಯಬಾರದು, ಯಾವಾಗ ತುಳಿಯಬಾರದು ಎಂಬ ಎಚ್ಚರಿಕೆಗಳನ್ನೂ ಬರೆದು ಪ್ರಕಟಿಸಿದರು. ಜ್ವರ ಇದ್ದರೆ ಬೇಡ. ರಕ್ತದ ಎಣಿಕೆ ಇಳಿದಿದ್ದರೆ ಬೇಡ. ರಕ್ತನಾಳಕ್ಕೆ ಔಷಧಿ ಕೊಟ್ಟು ಇಪ್ಪತ್ನಾಲ್ಕು ಗಂಟೆ ಕಳೆಯದಿದ್ದರೆ ಬೇಡ. ಧೈರ್ಯದ ಪ್ರಯೋಗಗಳನ್ನು ಮಾಡುವವರು ಬಹಳ ಸಲ ಇಂಥ ಪುಕ್ಕಲು ಪಟ್ಟಿಗಳನ್ನೂ ಬರೆದಿಟ್ಟಿರುತ್ತಾರೆ. ಅದಕ್ಕೇ ಅವರ ಪ್ರಯೋಗಗಳು ಬದುಕಿ ಉಳಿಯುತ್ತವೆ.

ವ್ಯಾಯಾಮಕ್ಕೂ ಒಂದು ಲಯ ಇತ್ತು. ಒಂದೇ ಸಮನೆ ತುಳಿಸುತ್ತಿರಲಿಲ್ಲ. ಸ್ವಲ್ಪ ಹೊತ್ತು ಬಿರುಸು, ಸ್ವಲ್ಪ ಹೊತ್ತು ನಿಧಾನ, ಮತ್ತೆ ಬಿರುಸು. ದಣಿದವಳಿಗೆ ನಿಧಾನದ ಗಳಿಗೆ ಬರುತ್ತದೆ ಎಂಬ ಭರವಸೆ ಇದ್ದರೆ ಬಿರುಸಿನ ಗಳಿಗೆಯನ್ನು ದಾಟುತ್ತಾಳೆ. ಬೆಟ್ಟ ಹತ್ತುವ ದಾರಿಯಲ್ಲಿ ಅಲ್ಲಲ್ಲಿ ಮಂಟಪ ಕಟ್ಟಿಸಿದವರಿಗೂ ಈ ಗುಟ್ಟು ಗೊತ್ತಿತ್ತು.

ಆದರೆ ದೊಡ್ಡ ತೊಡಕು ಸೈಕಲ್ಲಿನಲ್ಲಿ ಇರಲಿಲ್ಲ. ವಾರಕ್ಕೆ ಮೂರು ಸಲ ಒಬ್ಬಳು ಹೆಂಗಸನ್ನು ಕರೆದು, ಕೂರಿಸಿ, ಹೇಗಿದ್ದೀರಿ ಎಂದು ವಿಚಾರಿಸಿ, ನಾಡಿ ಹಿಡಿದು ನೋಡಿ, ಶಹಬ್ಬಾಸ್ ಎಂದರೆ ಅವಳಿಗೆ ಸೈಕಲ್ ಇಲ್ಲದಿದ್ದರೂ ಹಿತವೆನಿಸೀತು. ಮನೆಯಿಂದ ಹೊರಗೆ ಬಂದದ್ದೇ ಅರ್ಧ ಔಷಧಿ. ಹಾಗಾದರೆ ಗುಣ ಕಂಡರೆ ಅದು ಪೆಡಲಿನ ಗುಣವೋ, ಮಾತಿನ ಗುಣವೋ? ಮೇರಿ ಮ್ಯಾಕ್‌ವಿಕಾರ್ ಎಂಬ ಹಿರಿಯ ಸಹೋದ್ಯೋಗಿಯ ಜೊತೆ ಸೇರಿ ವಿನಿಂಗ್‌ಹ್ಯಾಮ್ ನಡೆಸಿದ ಪ್ರಯೋಗ ಈ ಪ್ರಶ್ನೆಗೆ ಕೊಟ್ಟ ಉತ್ತರ ಸೊಗಸಾಗಿದೆ. ಕೀಮೋ ಪಡೆಯುತ್ತಿದ್ದ ನಲವತ್ತೈದು ಹೆಂಗಸರನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಮೊದಲ ಗುಂಪಿಗೆ ಸೈಕಲ್. ಮೂರನೆಯ ಗುಂಪಿಗೆ ಏನೂ ಇಲ್ಲ, ಎಂದಿನ ಚಿಕಿತ್ಸೆ ಮಾತ್ರ. ನಡುವಿನ ಗುಂಪು ಮಜವಾದದ್ದು: ಅವರಿಗೆ ಕೈಕಾಲು ನೀಡುವ, ಮೈ ಬಗ್ಗಿಸುವ ಹಗುರ ವ್ಯಾಯಾಮ. ಉಸಿರು ಏರದು, ಎದೆಬಡಿತ ಹೆಚ್ಚದು. ಗಮನ ಸಿಗುತ್ತದೆ, ಮಾತು ಸಿಗುತ್ತದೆ, ಏನೋ ಮಾಡುತ್ತಿದ್ದೇವೆ ಎಂಬ ಸಮಾಧಾನವೂ ಸಿಗುತ್ತದೆ. ಸೈಕಲ್ ಮಾತ್ರ ಸಿಗುವುದಿಲ್ಲ. ಔಷಧಿಯ ಪರೀಕ್ಷೆಯಲ್ಲಿ ಸಕ್ಕರೆ ಮಾತ್ರೆ ಇರುತ್ತದಲ್ಲ, ವ್ಯಾಯಾಮಕ್ಕೊಂದು ಅಂಥ ಸಕ್ಕರೆ ಮಾತ್ರೆ.

ಹತ್ತು ವಾರ. ಕೀಮೋದ ಹತ್ತು ವಾರವೆಂದರೆ ಕ್ಯಾಲೆಂಡರಿನ ಹತ್ತು ವಾರವಲ್ಲ. ಒಂದು ವಾರ ಪರವಾಗಿಲ್ಲ ಎನ್ನಿಸಿದರೆ ಮುಂದಿನ ವಾರ ಹೊಸ ಸುತ್ತು ಶುರು. ಏರಿದ್ದು ಇಳಿಯುತ್ತದೆ, ಇಳಿದದ್ದು ಏರುತ್ತದೆ. ಔಷಧಿ ಒಂದು ಕಡೆ ಶಕ್ತಿಯನ್ನು ಸೋರಿಸುತ್ತಲೇ ಇರುವಾಗ ಇನ್ನೊಂದು ಕಡೆಯಿಂದ ಪೆಡಲು ತುಳಿದು ತುಂಬಿಸಲು ಆದೀತೇ? ಶಕ್ತಿ ಇಳಿಯದೆ ಇದ್ದಲ್ಲೇ ನಿಂತರೂ ಗೆದ್ದಂತೆಯೇ ಎಂದುಕೊಳ್ಳಬಹುದಾದ ಸನ್ನಿವೇಶ ಅದು.

ಹತ್ತು ವಾರದ ಕೊನೆಗೆ ಎಲ್ಲರನ್ನೂ ಮತ್ತೆ ಅಳೆದರು. ಸೈಕಲ್ ತುಳಿದವರ ಆಮ್ಲಜನಕ ಬಳಕೆಯ ಗರಿಷ್ಠ ಸಾಮರ್ಥ್ಯ ಶೇಕಡಾ 40ರಷ್ಟು ಏರಿತ್ತು. ಕೀಮೋ ನಡೆಯುತ್ತಿರುವಾಗಲೇ. ಮೈ ನೀಡಿದವರಲ್ಲಿ, ಏನೂ ಮಾಡದವರಲ್ಲಿ ಅಂಥ ಏರಿಕೆ ಇರಲಿಲ್ಲ. ಗುಣ ಪೆಡಲಿನದೇ ಆಗಿತ್ತು. ಈ ಫಲಿತಾಂಶ ನರ್ಸಿಂಗ್ ಸಂಶೋಧನೆಯ ಪತ್ರಿಕೆಯಲ್ಲಿ 1989ರಲ್ಲಿ ಅಚ್ಚಾಯಿತು.

ಅದಕ್ಕೆ ಒಂದು ವರ್ಷ ಮೊದಲೇ ಇನ್ನೊಂದು ಪುಟ್ಟ ಬರಹ ಬಂದಿತ್ತು, ಮತ್ತು ಅಚ್ಚರಿಯ ದೃಷ್ಟಿಯಿಂದ ಅದೇ ಹೆಚ್ಚಿನದು. ಮನಸ್ಸಿನ ತೊಳಲಾಟಗಳನ್ನು ಅಳೆಯಲು ಆಗ ತೊಂಬತ್ತು ಪ್ರಶ್ನೆಗಳ ಒಂದು ಪಟ್ಟಿ ಬಳಕೆಯಲ್ಲಿತ್ತು. ಭಯ, ಬೇಸರ, ಸಂಶಯ, ಸಿಟ್ಟು, ಹೀಗೆ ಸಾಗುವ ಆ ಉದ್ದ ಪಟ್ಟಿಯಲ್ಲಿ ಒಂದು ಸಾಲು ವಾಕರಿಕೆಯ ಬಗ್ಗೆ. ನಲವತ್ತೆರಡು ಹೆಂಗಸರು ಹತ್ತು ವಾರದ ಮೊದಲು ಮತ್ತು ನಂತರ ಆ ಪಟ್ಟಿಗೆ ಕೊಟ್ಟ ಉತ್ತರಗಳನ್ನು ಹೋಲಿಸಿ ನೋಡಿದರೆ, ಸೈಕಲ್ ತುಳಿದವರ ಹೊಟ್ಟೆ ತೊಳಸುವುದು ಉಳಿದೆರಡು ಗುಂಪಿನವರಿಗಿಂತ ಕಡಿಮೆಯಾಗಿತ್ತು. ಕೀಮೋದ ವಾಕರಿಕೆಗೆ ಯಾವ ಅಜ್ಜಿಯೂ ಹೇಳದ ಮದ್ದು: ಬೆವರುವಷ್ಟು ಸೈಕಲ್ ತುಳಿಯುವುದು.

ಇಷ್ಟಾದ ಮೇಲೆ ಆಸ್ಪತ್ರೆ ಆಸ್ಪತ್ರೆಗೂ ಸೈಕಲ್ ಬರಬೇಕಿತ್ತು. ಬರಲಿಲ್ಲ. ನಲವತ್ತೈದು ಜನರ ಪ್ರಯೋಗ, ಮಾಡಿದವರು ನರ್ಸುಗಳು, ಅಚ್ಚಾದದ್ದು ಡಾಕ್ಟರರು ಬಿಡಿಸಿ ನೋಡದ ಪತ್ರಿಕೆಗಳಲ್ಲಿ. ಇವು ಮೂರೂ ಕಾರಣಗಳೇ. ಆದರೆ ನಿಜವಾದ ಅಡ್ಡಿ ಇನ್ನೂ ಸರಳ. ಪ್ರಯೋಗಾಲಯ, ಅಳತೆಯ ಯಂತ್ರ, ಪಕ್ಕದಲ್ಲಿ ನಿಂತು ನೋಡುವವರು, ವಾರಕ್ಕೆ ಮೂರು ಸಲದ ಪ್ರಯಾಣ. ಮೆಟ್ಟಿಲು ಹತ್ತಲಾರದವಳನ್ನು ಊರಾಚೆಯಿಂದ ಕರೆಸಿ ತುಳಿಸುವುದು ಎಷ್ಟು ದಿನ ಸಾಧ್ಯ?

ವಿಕ್ಟೋರಿಯಾ ಮಾಕ್ ಸೈಕಲ್ಲನ್ನು ಬಿಟ್ಟುಬಿಟ್ಟಳು. ಆಕೆಯೂ ನರ್ಸೇ; ಮುಂದೆ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಹೆಸರು ಮಾಡಿದವಳು. ಎಲ್ಲರ ಹತ್ತಿರವೂ ಇರುವ, ಬಾಡಿಗೆ ಇಲ್ಲದ, ರಿಪೇರಿ ಬೇಡದ ಯಂತ್ರ ಕಾಲು. ಮನೆಯ ಮುಂದಿನ ರಸ್ತೆಯಲ್ಲಿ ತಮಗೆ ಆಗುವ ವೇಗದಲ್ಲಿ ನಡೆಯಲಿ. 1994ರಲ್ಲಿ ಪ್ರಕಟವಾದ ಆಕೆಯ ಮೊದಲ ಪ್ರಯೋಗದಲ್ಲಿ ಇದ್ದವರು ಹದಿನಾಲ್ಕೇ ಹೆಂಗಸರು. ಬರೆದವರ ಸಾಲಿನಲ್ಲಿ ವಿನಿಂಗ್‌ಹ್ಯಾಮ್ ಹೆಸರೂ ಇತ್ತು. ನಡೆದವರಿಗೆ ದಣಿವು, ವಾಕರಿಕೆ, ನಿದ್ದೆಗೇಡು, ಖಿನ್ನತೆ ಎಲ್ಲವೂ ಕಡಿಮೆ. ಆದರೆ ಮಾಕ್ ಅವರಿಗೆ ನಡಿಗೆಯ ಜೊತೆಗೆ ಇನ್ನೊಂದನ್ನೂ ಕೊಟ್ಟಿದ್ದಳು: ಎಲ್ಲರೂ ಸೇರಿ ಕೂತು ಕಷ್ಟಸುಖ ಮಾತಾಡಿಕೊಳ್ಳುವ ಗುಂಪು. ಒಂದೇ ಪಾತ್ರೆಗೆ ಎರಡು ಮದ್ದು ಹಾಕಿದ ಮೇಲೆ ಯಾವುದು ಕೆಲಸ ಮಾಡಿತೆಂದು ಹೇಳುವುದು ಹೇಗೆ? ಕೊಲಂಬಸ್‌ನ ನಡುವಿನ ಗುಂಪು ಬಗೆಹರಿಸಿದ್ದ ಗೊಂದಲ ಹಿಂಬಾಗಿಲಿನಿಂದ ಮತ್ತೆ ಒಳಗೆ ಬಂದಿತ್ತು.

ಮೂರು ವರ್ಷದ ನಂತರ, 1997ರಲ್ಲಿ, ಮಾಕ್ ನಡಿಗೆಯೊಂದನ್ನೇ ಇಟ್ಟುಕೊಂಡು ಬಂದಳು. ಈ ಸಲ ನಲವತ್ತಾರು ಜನ, ಎರಡು ಆಸ್ಪತ್ರೆಗಳು, ಮತ್ತು ಕೀಮೋದ ಬದಲು ರೇಡಿಯೇಷನ್, ಅಂದರೆ ನಮ್ಮ ಕಡೆಯವರು ‘ಕರೆಂಟು ಕೊಡಿಸೋದು’ ಎನ್ನುತ್ತಾರಲ್ಲ, ಅದು. ಆರು ವಾರದ ಚಿಕಿತ್ಸೆ. ವಾರಕ್ಕೆ ನಾಲ್ಕೈದು ದಿನ ಇಪ್ಪತ್ತರಿಂದ ಮೂವತ್ತು ನಿಮಿಷದ ನಡಿಗೆ. ಶುರುವಿನಲ್ಲಿ ಮತ್ತು ಕೊನೆಯಲ್ಲಿ ಹನ್ನೆರಡು ನಿಮಿಷದಲ್ಲಿ ಎಷ್ಟು ದೂರ ನಡೆಯಬಲ್ಲರು ಎಂಬ ಅಳತೆ. ಜೊತೆಗೆ ಪೈಪರಳ ದಣಿವಿನ ಪ್ರಶ್ನಾವಳಿ. ಕರೆಂಟು ಕೊಡಿಸಿಕೊಳ್ಳುವವರಿಗೆ ದಣಿವು ವಾರ ವಾರಕ್ಕೂ ಏರುವುದು ರೂಢಿ. ನಡೆದವರಲ್ಲಿ ದಣಿವು, ಆತಂಕ, ನಿದ್ದೆಯ ತೊಂದರೆ ಮೂರೂ ನಡೆಯದವರಿಗಿಂತ ಕಡಿಮೆ ಇದ್ದವು.

ಮುಂದಿನ ಪ್ರಯೋಗ ಕೈಕೊಟ್ಟಿತು. ಐದು ವಿಶ್ವವಿದ್ಯಾಲಯ ಆಸ್ಪತ್ರೆಗಳ ಐವತ್ತೆರಡು ಹೆಂಗಸರು. ಕೆಲವರು ಕೀಮೋದವರು, ಕೆಲವರು ರೇಡಿಯೇಷನ್‌ನವರು. ಅರ್ಧ ಜನಕ್ಕೆ ನಡೆಯಿರಿ ಎಂದಿತ್ತು. ಉಳಿದವರದು ಎಂದಿನ ಉಪಚಾರ. ಕೊನೆಗೆ ಲೆಕ್ಕ ಬಿಡಿಸಿ ನೋಡಿದರೆ ಎಲ್ಲ ಕಲಸುಮೇಲೋಗರ. ನಡೆಯಲು ಹೇಳಿದವರಲ್ಲಿ ಮೂರನೇ ಒಂದು ಭಾಗದಷ್ಟು ಜನ ಹೇಳಿದಷ್ಟು ನಡೆದೇ ಇರಲಿಲ್ಲ. ಅದು ಅರ್ಥವಾಗುವಂಥದು, ಕೀಮೋದ ನಡುವೆ ಚಳಿಯಲ್ಲಿ ಬೂಟು ಕಟ್ಟಿಕೊಂಡು ಹೊರಡುವುದು ಸುಲಭವಲ್ಲ. ತಮಾಷೆ ಇನ್ನೊಂದು ಕಡೆ ಇತ್ತು. ಏನೂ ಹೇಳದೆ ಬಿಟ್ಟಿದ್ದ ಗುಂಪಿನಲ್ಲಿ ಸುಮಾರು ಅರ್ಧ ಜನ ತಮ್ಮ ಓಡಾಟವನ್ನು ಉಳಿಸಿಕೊಂಡಿದ್ದರು, ಇಲ್ಲವೇ ಹೆಚ್ಚಿಸಿಕೊಂಡಿದ್ದರು. ಅಷ್ಟು ಹೊತ್ತಿಗೆ ನಡಿಗೆಯ ಸುದ್ದಿ ಗಾಳಿಯಲ್ಲಿ ಸೇರಿಹೋಗಿತ್ತೋ, ಕಾಯುವ ಕೋಣೆಯಲ್ಲಿ ಒಬ್ಬರಿಂದ ಒಬ್ಬರಿಗೆ ಹೋಯಿತೋ. ಹೋಲಿಸಿ ನೋಡಲೆಂದು ಮಲಗಿಸಿಟ್ಟವರು ಎದ್ದು ನಡೆದುಬಿಟ್ಟರೆ ಸಂಶೋಧಕಿ ಯಾರನ್ನು ಯಾರ ಜೊತೆ ಹೋಲಿಸಬೇಕು?

ಮಾಕ್ ಮತ್ತು ಸಂಗಡಿಗರು ಗುಂಪಿನ ಹೆಸರುಗಳನ್ನು ಪಕ್ಕಕ್ಕಿಟ್ಟು ಮತ್ತೊಮ್ಮೆ ಲೆಕ್ಕ ಹಾಕಿದರು. ಯಾರಿಗೆ ಏನು ಹೇಳಲಾಗಿತ್ತು ಎಂಬುದನ್ನು ಬಿಟ್ಟು, ಯಾರು ಏನು ಮಾಡಿದರು ಎಂದು ನೋಡಿದರು. ಆಗ ಕೆದಡಿದ ನೀರು ತಿಳಿಯಾಯಿತು. ವಾರದಲ್ಲಿ ಮೂರು ದಿನವಾದರೂ, ಒಟ್ಟು ತೊಂಬತ್ತು ನಿಮಿಷವಾದರೂ ನಡೆದವರಲ್ಲಿ ದಣಿವು ಕಡಿಮೆ, ಮನಸ್ಸಿನ ಸಂಕಟ ಕಡಿಮೆ, ಕೆಲಸ ಮಾಡುವ ಶಕ್ತಿ ಹೆಚ್ಚು. ಲೆಕ್ಕದ ಕಟ್ಟುನಿಟ್ಟಿನವರು ಇಂಥ ಮರುಲೆಕ್ಕವನ್ನು ಮೆಚ್ಚುವುದಿಲ್ಲ, ಮತ್ತು ಅವರ ಆಕ್ಷೇಪಣೆಯಲ್ಲಿ ಹುರುಳಿದೆ: ಕಡಿಮೆ ದಣಿದವರೇ ಹೆಚ್ಚು ನಡೆದಿರಬಹುದಲ್ಲ? ಆದರೂ ಕೊಲಂಬಸ್‌ನ ಸೈಕಲ್ಲು, 1994ರ ಹದಿನಾಲ್ಕು ಜನ, 1997ರ ನಲವತ್ತಾರು ಜನ ಎಲ್ಲರೂ ಒಂದೇ ಕಡೆ ಬೆರಳು ತೋರಿಸುತ್ತಿದ್ದರು. ಪ್ರಬಂಧ 2001ರಲ್ಲಿ ಪ್ರಕಟವಾಯಿತು.

ಇದೇ ಎಳೆಯ ಒಂದು ತುದಿ ಬೆಂಗಳೂರಿನಲ್ಲೂ ಸಿಗುತ್ತದೆ. ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದ ಸಂಶೋಧಕರು ಇಲ್ಲಿ ಕೀಮೋ ಪಡೆಯುತ್ತಿದ್ದ 62 ಸ್ತನ ಕ್ಯಾನ್ಸರ್ ರೋಗಿಗಳೊಡನೆ ಪ್ರಯೋಗ ಮಾಡಿ 2007ರಲ್ಲಿ ಪ್ರಕಟಿಸಿದರು. ಸೈಕಲ್ಲಿನ ಜಾಗದಲ್ಲಿ ಯೋಗ. ಕೀಮೋ ನಂತರದ ವಾಕರಿಕೆ ಯೋಗ ಮಾಡಿದವರಲ್ಲಿ ಕಡಿಮೆಯಿತ್ತು. ಸೂಜಿಗೆ ಮೊದಲೇ ಬರುವ ವಾಕರಿಕೆಯ ತೀವ್ರತೆಯೂ ಇಳಿದಿತ್ತು.

ಇಷ್ಟೆಲ್ಲ ಅಲೆದಾಟದ ಹಿಂದಿದ್ದ ಗುಟ್ಟು ಅಂಥ ಕ್ಲಿಷ್ಟವೇನಲ್ಲ. ಮೆಟ್ಟಿಲು ಹತ್ತಲು ದೇಹಕ್ಕೆ ಇಷ್ಟು ಶಕ್ತಿ ಬೇಕು ಎಂಬುದು ಹೆಚ್ಚುಕಡಿಮೆ ನಿಗದಿಯಾದದ್ದು. ಒಬ್ಬಳ ಗರಿಷ್ಠ ಸಾಮರ್ಥ್ಯ ನೂರು ಎಂದಿಟ್ಟುಕೊಂಡು, ಮೆಟ್ಟಿಲಿಗೆ ನಲವತ್ತು ಖರ್ಚೆನ್ನೋಣ. ಇನ್ನೂ ಅರವತ್ತು ಕೈಯಲ್ಲಿ ಉಳಿಯುತ್ತದೆ, ಹತ್ತಿದ್ದೇ ಗೊತ್ತಾಗುವುದಿಲ್ಲ. ಔಷಧಿ ಅದನ್ನು ಎಂಬತ್ತಕ್ಕೆ ಇಳಿಸುತ್ತದೆ. ದಣಿವಾಗುತ್ತದೆ, ಮಲಗುತ್ತಾಳೆ. ಮಲಗಿದಾಗ ರಕ್ತದ ಪ್ರಮಾಣ ತಗ್ಗುತ್ತದೆ, ಹೃದಯ ಒಂದು ಬಡಿತಕ್ಕೆ ನೂಕುವ ರಕ್ತ ತಗ್ಗುತ್ತದೆ, ಸ್ನಾಯು ಕರಗುತ್ತದೆ, ಎಂಬತ್ತು ಅರವತ್ತಾಗುತ್ತದೆ. ಮೆಟ್ಟಿಲು ಕೇಳುವುದು ಈಗಲೂ ನಲವತ್ತೇ. ಮೊದಲು ಅರ್ಧಕ್ಕಿಂತ ಕಡಿಮೆಯಿದ್ದ ಖರ್ಚು ಈಗ ಮೂರರಲ್ಲಿ ಎರಡು ಪಾಲು. ಇನ್ನೂ ದಣಿಯುತ್ತಾಳೆ, ಇನ್ನೂ ಮಲಗುತ್ತಾಳೆ. ಪೆಡಲು ಮತ್ತು ನಡಿಗೆ ಮಾಡಿದ್ದು ಇಷ್ಟೇ: ಔಷಧಿ ಇಳಿಸಿದ್ದರ ಮೇಲೆ ಹಾಸಿಗೆ ಇಳಿಸುತ್ತಿದ್ದುದನ್ನು ನಿಲ್ಲಿಸಿ, ಒಂದಿಷ್ಟನ್ನು ವಾಪಸ್ಸು ಏರಿಸಿದ್ದು.

ಹಾಸಿಗೆ ಎಷ್ಟು ಇಳಿಸಬಲ್ಲದು ಎಂಬುದಕ್ಕೆ ಅದೇ 2001ರಲ್ಲಿ ಡಲಾಸ್‌ನಿಂದ ಇನ್ನೊಂದು ವರದಿ ಬಂತು. 1966ರಲ್ಲಿ ಮೂರು ವಾರ ಮಲಗಿದ್ದ ಆ ಐವರನ್ನೇ ಮೂವತ್ತು ವರ್ಷಗಳ ನಂತರ ಹುಡುಕಿ ಕರೆಸಿ ಮತ್ತೆ ಅಳೆದಿದ್ದರು. ಹುಡುಗರಿಗೆ ಈಗ ಐವತ್ತು ವರ್ಷ, ತೂಕ ಏರಿತ್ತು. ಅವರ ದೇಹದ ಸಾಮರ್ಥ್ಯವನ್ನು ಮೂವತ್ತು ವರ್ಷದ ವಯಸ್ಸು ಇಳಿಸಿದ್ದು, ಅಂದು ಮೂರು ವಾರದ ಹಾಸಿಗೆ ಇಳಿಸಿದ್ದಕ್ಕಿಂತ ಕಡಿಮೆಯಿತ್ತು.